ಮೂರು ಗಂಟೆಯ ಮೆಂಬರ್

ತೋಡಾರು,
ಮೂಡಬಿದ್ರೆ ಅಂಚೆ
೧೫-೧-೨೦೦೬, ಆದಿತ್ಯವಾರ

ಪ್ರೀತಿಯ ಮಗ ನಿಝಾರ್‌ಗೆ,

ಉಮ್ಮನ ಸಲಾಂ. ಹೇಗಿದ್ದೀ ಮಗನೇ? ಗಂಟಲು ನೋವು ಗುಣವಾಯಿತೇ? ಜುಬೈಲಿನಲ್ಲಿ ಈಗ ಹಲ್ಲು ಕಟಕಟ ಅನ್ನುವ ಚಳಿ ಎಂದು ಸೌದಿಯಿಂದ ರಜೆಗೆ ಬಂದಿರುವ ನಿಝಾಮುದ್ದೀನ್ ಹೇಳಿದ. ಹೋದ ವರ್ಷ ನಾನು ಕೊಟ್ಟು ಕಳುಹಿಸಿದ ಉಣ್ಣೆಯ ಬನಿಯನನ್ನು ಮೈಗೆ ಹಾಕಿಕೊಳ್ಳುತ್ತೀಯೋ ಅಥವಾ ಪೆಟ್ಟಿಗೆಗೆ ಹೊದೆಸಿದ್ದೀಯೋ? ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ 'ಹಾಂ ಉಮ್ಮ, ಹಾಂ ಉಮ್ಮ' ಎನ್ನುತ್ತೀ, ನನಗೆ ನಂಬಿಕೆ ಬರುವುದಿಲ್ಲ. ಇಲ್ಲಿ ನಾವೆಲ್ಲ ಅಲ್ಲಾಹನ ದಯೆಯಿಂದ ಕ್ಷೇಮ. ಬಕ್ರೀದ್ ಚೆನ್ನಾಗಿ ಕಳೆಯಿತು. ನಿನ್ನ ಮಗಳು ಅಮಲ್ ಹೊಸ ಅಂಗಿ ಹಾಕಿಕೊಂಡು, ಅದನ್ನು ಬಿಚ್ಚಲು ಒಪ್ಪದೆ, ಎರಡು ದಿನ ಅದರಲ್ಲೇ ಮಲಗಿದಳು. ಹಟ ಯಾರದೆಂದು ನಾನು ಹೇಳಬೇಕಾಗಿಲ್ಲ. ಸಬೀಹಾ ಸ್ವಲ್ಪ ಸೊರಗಿದ್ದಾಳೆ. ನೀನು ಬರುವ ತಿಂಗಳು ಯಾವುದೆಂದು ಅವಳಿಗಾದರೂ ಸರಿಯಾಗಿ ಹೇಳು, ಕ್ಯಾಲೆಂಡರಿನ ಹಾಳೆ ತಿರುವಿ ತಿರುವಿ ಹರಿಯುವ ಹಾಗಾಗಿದೆ.

ವಾರವಾರ ಫೋನು ಇರುವಾಗ ಉಮ್ಮನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಬಂತು ಎಂದುಕೊಳ್ಳುತ್ತೀಯೇನೋ. ಫೋನು ಇರುವುದು ಎದುರಿನ ಕೋಣೆಯಲ್ಲಿ, ನಿನ್ನ ಬಾಪನ ಕುರ್ಚಿಯ ಪಕ್ಕದಲ್ಲಿ. ಅವರು ಕೇಳಬಾರದ ಮಾತನ್ನು ಅದರಲ್ಲಿ ಆಡುವುದು ಹೇಗೆ? ಇವತ್ತು ಬಾಪನ ಬೀಡಿ ಬ್ರಾಂಚಿಗೆ ರಜೆ. ಬಾಪ ಬೆಳಗಿನ ಬಸ್ಸಿಗೆ ಬೆಳ್ತಂಗಡಿಗೆ, ನಿನ್ನ ಅಕ್ಕನ ಮನೆಗೆ ಹೋಗಿದ್ದಾರೆ. ಸಂಜೆ ಅಸರ್ ನಮಾಝಿನ ಹೊತ್ತಿಗೆ ನಿಝಾಮುದ್ದೀನ್ ವಿಮಾನ ನಿಲ್ದಾಣಕ್ಕೆ ಹೊರಡುತ್ತಾನೆ. ಉಪ್ಪಿನಕಾಯಿಯ ಡಬ್ಬಿ, ಹಲ್ವದ ಕಟ್ಟು ಅವನ ಚೀಲಕ್ಕೆ ಆಗಲೇ ಸೇರಿವೆ. ಈ ಕಾಗದ ಮಾತ್ರ ಬಾಕಿ. ಸಬೀಹಾ ಮಗುವನ್ನು ಮಲಗಿಸುತ್ತಿದ್ದಾಳೆ, ನಾನು ಅಡುಗೆಮನೆಯ ಮಣೆಯ ಮೇಲೆ ಕುಳಿತಿದ್ದೇನೆ. ಕಳ್ಳತನದಲ್ಲಿ ಬರೆಯುವ ಕಾಗದವಾದ್ದರಿಂದ ಅಕ್ಷರ ಸೊಟ್ಟಗಾದರೆ ನಗಬೇಡ. ನನ್ನ ಕನ್ನಡ ಪೇಪರಿನ ಕನ್ನಡದ ಹಾಗಿದೆ ಎಂದು ಸಬೀಹಾ ತಮಾಷೆ ಮಾಡುತ್ತಾಳೆ. ಮೂವತ್ತು ವರ್ಷ ಪೇಪರ್ ಕೇಳಿದ ಕಿವಿಯಿಂದ ಬೇರೆ ಎಂತಹ ಕನ್ನಡ ಬರಬೇಕು, ನೀನೇ ಹೇಳು.

ನಮ್ಮ ಬೀಡಿ ಬ್ರಾಂಚಿನ ಕ್ರಮ ನಿನಗೆ ಗೊತ್ತಿಲ್ಲದ್ದಲ್ಲ, ಆ ಜಗಲಿಯಲ್ಲೇ ಅಂಬೆಗಾಲಿಟ್ಟವ ನೀನು. ಆದರೂ ಬರೆಯುತ್ತೇನೆ, ಯಾಕೆಂದರೆ ದೂರ ಹೋದವರಿಗೆ ಗೊತ್ತಿದ್ದದ್ದೂ ಮಸುಕಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೆಂಗಸರು ಕಟ್ಟಿದ ಬೀಡಿಯನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಜಗಲಿಯಲ್ಲಿ ಕೂರುತ್ತಾರೆ. ಬಾಪ ಆಗಲೇ ಬೀಡಿಯನ್ನು ಮುಟ್ಟುವುದಿಲ್ಲ. ಮೊದಲ ಬಸ್ಸಿನಲ್ಲಿ ಮಂಗಳೂರಿನಿಂದ ಬಂದ ಪೇಪರನ್ನು ಬಿಡಿಸಿ, ಕನ್ನಡಕ ತಿಕ್ಕಿ, ಮೇಲಿನ ಸಾಲನ್ನು ಎರಡು ಸಲ ಓದುತ್ತಾರೆ. ಕನ್ನಡದಲ್ಲಿ ಓದಿದ್ದನ್ನು ತುಳುವಿನಲ್ಲಿ ಬಿಡಿಸಿ ಹೇಳುತ್ತಾರೆ. ಯಾವ ಮಂತ್ರಿ ಎಂತ ಹೇಳಿದ, ಯಾವ ಪಕ್ಷ ಒಡೆಯಿತು, ಬೀಡಿಗೆ ಸರ್ಕಾರ ಯಾವ ಹೊಸ ಕಾನೂನು ತರುತ್ತದೆ, ಎಲ್ಲ. 'ಮೊದಲು ಪೇಪರ್, ಮತ್ತೆ ಬೀಡಿ' ಎನ್ನುವುದು ಆ ಜಗಲಿಯ ಮಾತು. ಎಪ್ಪತ್ತು ದಾಟಿದ ಲೋಲಾಕ್ಷಿಗೆ ತನ್ನ ಹೆಸರು ಓದಲೂ ಬಾರದು, ಆದರೆ ದೆಹಲಿಯಲ್ಲಿ ಯಾರ ಸರ್ಕಾರ ಯಾರ ಬೆಂಬಲದಿಂದ ನಿಂತಿದೆ ಎಂದು ಅವಳನ್ನು ಕೇಳಿದರೆ ಬೆರಳು ಮಡಚಿ ಹೇಳುತ್ತಾಳೆ. ಬಾಪ ಯಾರ ಪರವೂ ಮಾತನಾಡಿದವರಲ್ಲ. 'ಹೌದಾ ಬ್ಯಾರಿಗಳೇ, ನಿಜವಾ?' ಎಂದು ಯಾರಾದರೂ ಅವರನ್ನು ಕೇಳಿದರೆ ಹಾಳೆಯನ್ನು ಎತ್ತಿ ತೋರಿಸುತ್ತಾರೆ, ಅಷ್ಟೆ. ಓದಲು ಬಾರದವರೂ ಆ ಹಾಳೆಯನ್ನು ನೋಡಿ ತಲೆಯಾಡಿಸುತ್ತಾರೆ.

ಆ ಹೆಂಗಸರಲ್ಲಿ ಓದಲು ಬರುತ್ತಿದ್ದವಳು ಕುಸುಮ ಒಬ್ಬಳೇ. ಸಾಕ್ಷರತಾ ಆಂದೋಲನ ಬಂದ ವರ್ಷ ಅವಳು ಸಂಜೆಯ ಹೊತ್ತು ಇದೇ ಜಗಲಿಯಲ್ಲಿ ನಮಗೆಲ್ಲ ಅಕ್ಷರ ಕಲಿಸಿದಳು. ನನಗೆ ಆಗ ಮೂವತ್ತೆಂಟು. ಬೀಡಿ ಕಟ್ಟಿ ಕಟ್ಟಿ ಬೆರಳು ಬಿರುಸಾಗಿತ್ತು, ಬಳಪ ಹಿಡಿದರೆ ಮುರಿಯುತ್ತಿತ್ತು. ಲೋಲಾಕ್ಷಿ ಮೂರೇ ದಿನಕ್ಕೆ ಸ್ಲೇಟು ಬಿಟ್ಟು ಎದ್ದಳು, ನಾನು ಬಿಡಲಿಲ್ಲ. ಮೊದಲು ನನ್ನ ಹೆಸರು ಬೇಡ, ಮಗನ ಹೆಸರು ಬರೆಯಲು ಕಲಿಸು ಎಂದೆ. ನಿನಗೆ ಆಗ ಹದಿಮೂರು, ಪಕ್ಕದಲ್ಲಿ ಕುಳಿತು ಉಮ್ಮನ ಅಕ್ಷರ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಕುಸುಮ ನಿನ್ನ ಕಿವಿ ಹಿಂಡಿದ್ದಳು, ನೆನಪಿದೆಯೇ? ಈ ಕಾಗದದ ಒಂದೊಂದು ಅಕ್ಷರವೂ ಅವಳು ಕೊಟ್ಟದ್ದು ಮಗನೇ. ಮುಂದೆ ಬರೆಯುವುದನ್ನು ಓದುವಾಗ ಇದೊಂದು ಮನಸ್ಸಿನಲ್ಲಿರಲಿ.

ಇನ್ನು ನಿನ್ನ ಇಂಟರ್ನೆಟ್ಟಿನ ವಿಷಯ. ನೀನು ಕೆಲಸ ಮಾಡುವ ಸ್ಟೋರಿನಲ್ಲಿ ನಿನಗೆ ಕಂಪ್ಯೂಟರ್ ಕೊಟ್ಟ ಮೇಲೆ ಬಾಪನಿಗೂ ನಿನಗೂ ಶುಕ್ರವಾರದ ಫೋನಿನಲ್ಲಿ ಒಂದು ಪಂದ್ಯವೇ ಶುರುವಾಗಿತ್ತಲ್ಲ. ಇಲ್ಲಿ ಬಾಪ ಮರುದಿನದ ಪೇಪರ್ ಬಿಡಿಸುವ ಮೊದಲೇ ನೀನು ಅಲ್ಲಿಂದ ಇಡೀ ರಾಜ್ಯದ ಸುದ್ದಿ ಹೇಳುತ್ತಿದ್ದೆ. 'ನೀನು ಹೇಳ್ಬೇಡ, ನಾನು ಓದ್ತೇನೆ' ಎಂದು ಅವರು ರೇಗುತ್ತಿದ್ದರು. ಜಗಲಿಯಲ್ಲಿ ಹೆಂಗಸರ ಮುಂದೆ ಗೇಲಿ ಬೇರೆ: 'ನನ್ನ ಮಗ ಒಂದು ಪೇಪರ್ ಓದ್ತಾನೆ, ಅದನ್ನು ಮಡಚ್ಲಿಕ್ಕೆ ಆಗುವುದಿಲ್ಲ, ಅದರಲ್ಲಿ ಒಣಮೀನು ಕಟ್ಲಿಕ್ಕೂ ಆಗುವುದಿಲ್ಲ. ಅಂಥದ್ದನ್ನು ನಂಬುದು ಹೇಗೆ ಮಾರಾಯ್ತಿ?' ಎಲ್ಲರೂ ನಗುತ್ತಿದ್ದರು. ಆದರೆ ಒಳಗಿನ ಕಥೆ ನನಗೆ ಗೊತ್ತು. ಶುಕ್ರವಾರ ಬಂತೆಂದರೆ ಜುಮಾ ಮುಗಿಸಿ ನೆಟ್ಟಗೆ ಫೋನಿನ ಹತ್ತಿರ ಕೂರುತ್ತಿದ್ದರು. ನೀನು ಹೇಳಿದ ಸುದ್ದಿ ಮರುದಿನ ಪೇಪರಿನಲ್ಲಿ ಬಂದರೆ ನನ್ನನ್ನು ಕರೆದು ಮೆಲ್ಲಗೆ ಹೇಳುತ್ತಿದ್ದರು, 'ನಿಝಾರ್ ನಿನ್ನೆಯೇ ಹೇಳಿದ್ದ ನೋಡು.' ಜಗಲಿಯಲ್ಲಿ ಮಾತ್ರ ತುಟಿ ಬಿಚ್ಚಿದವರಲ್ಲ. ಅರವತ್ತಮೂರರ ಗಂಡಸು, ಇಷ್ಟು ವರ್ಷ ಬೈದದ್ದನ್ನು ಈಗ ಮೆಚ್ಚಿಕೊಂಡರೆ ಮರ್ಯಾದೆ ಹೋದೀತೆಂಬ ಹೆದರಿಕೆ. ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ತಾಲೂಕು ಪಂಚಾಯತಿಗೆ ನಮ್ಮ ಕಡೆಯ ಸೀಟು ಹೆಂಗಸರಿಗೆ ಬಂದಾಗ ಕುಸುಮ ನಿಂತದ್ದು ನಿನಗೆ ಗೊತ್ತೇ ಇದೆ. ನಿಲ್ಲಿಸಿದ್ದು ಪಕ್ಷವಲ್ಲ, ಜಗಲಿ. ಬೀಡಿ ಕಟ್ಟುವವಳೊಬ್ಬಳು ಆ ಕಛೇರಿಯ ಕುರ್ಚಿಯಲ್ಲಿ ಕೂತರೆ ನಮ್ಮ ಕಷ್ಟ ಹೇಳಲು ಪೇಪರ್ ಬೇಕಾಗುವುದಿಲ್ಲ ಎಂದು ಲೋಲಾಕ್ಷಿ ಹಟ ಹಿಡಿದಳು. ಕುಸುಮ ಮೂರು ವಾರ ಮನೆ ಮನೆ ಹತ್ತಿ ಇಳಿದಳು. ಸ್ವಂತ ಜಾತಿಯವರ ಮನೆ, ನಮ್ಮ ಬ್ಯಾರಿ ಮುಸ್ಲಿಮರ ಮನೆ, ಕೊಂಕಣಿಯವರ ಮನೆ ಎಂದು ನೋಡಲಿಲ್ಲ. ಅಷ್ಟರ ನಡುವೆಯೂ ಬೀಡಿ ಕಟ್ಟುವುದನ್ನು ಬಿಡಲಿಲ್ಲ. 'ಸೋತರೆ ಬೀಡಿಯೇ ಅಲ್ವಾ ಗತಿ' ಎನ್ನುತ್ತಿದ್ದಳು. ಬಾಪ ಅವಳಿಗೂ ಅವಳ ಎದುರಾಳಿಗೂ ಒಂದೇ ಮಾತು ಹೇಳಿದ್ದರು: ಪೇಪರಿನಲ್ಲಿ ಯಾರ ಬಗ್ಗೆ ಬಂದರೂ ಓದುತ್ತೇನೆ, ಬರದ್ದನ್ನು ಹೇಳುವುದಿಲ್ಲ.

ಎಣಿಕೆಯ ದಿನ ಮಂಗಳವಾರ. ಎಣಿಕೆ ನಡೆಯುತ್ತಿದ್ದದ್ದು ಮಂಗಳೂರಿನಲ್ಲಿ. ನಮಗೆ ಇಲ್ಲಿ ಸುದ್ದಿಯೇ ಇಲ್ಲ. ಅವತ್ತು ಬೀಡಿ ಕೊಟ್ಟ ಹೆಂಗಸರು ಮನೆಗೆ ಹೋಗಲಿಲ್ಲ, ಜಗಲಿಯಲ್ಲೇ ಕೂತರು. ಹನ್ನೊಂದು ಗಂಟೆಗೆ ಫೋನು ಹೊಡೆಯಿತು. ನೀನು. ಮಂಗಳವಾರ ನಿನ್ನ ಫೋನು ಬಂದದ್ದು ಅದೇ ಮೊದಲು. ನಾನು ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದೆ, ಬಾಪನ ಕಡೆಯ ಮಾತೆಲ್ಲ ಕಿವಿಗೆ ಬಿತ್ತು. 'ಗೆದ್ದ ಹಾಗೆಯೇ ಅಂದರೆ ಎಂತ? ಎಷ್ಟರಲ್ಲಿ? ಮುನ್ನೂರಾ?' ಎಂದರು. ಆಮೇಲೆ ಕೇಳಿದರು: 'ಬರೆದಿದ್ದಾರಾ?' ನೀನು ಬರೆದಿದ್ದಾರೆ ಎಂದಿರಬೇಕು. ಯಾಕೆಂದರೆ ಮತ್ತೆ ಒಂದು ಮಾತೂ ಕೇಳದೆ ಫೋನು ಇಟ್ಟರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಅಮಲ್ ಹುಟ್ಟಿದ ದಿನ ಮಾತ್ರ.

ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ಹಾಳೆ ಇಲ್ಲ, ಹಾಗೆಯೇ ಜಗಲಿಗೆ ಹೋಗಿ 'ಕುಸುಮ ಗೆದ್ದಳು' ಎಂದರು. ಒಮ್ಮೆ ಅಲ್ಲ, ಪೇಪರಿನ ಮೇಲಿನ ಸಾಲಿನ ಹಾಗೆ ಎರಡು ಸಲ. ನಿಜವಾ ಎಂದು ಯಾರೂ ಕೇಳಲಿಲ್ಲ ಮಗನೇ. ಬ್ಯಾರಿಗಳು ಹೇಳಿದರೆಂದರೆ ಆಯಿತಲ್ಲ. ಜಗಲಿಯಲ್ಲಿದ್ದ ವಾರಿಜಾಕ್ಷಿ ಓಡಿಹೋಗಿ, ಮನೆಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದ ಕುಸುಮನನ್ನು ಎಳೆದುಕೊಂಡು ಬಂದಳು. ಲೋಲಾಕ್ಷಿ ತನ್ನ ತುರುಬಿನ ಮಲ್ಲಿಗೆ ಬಿಚ್ಚಿ ಅವಳಿಗೆ ಮುಡಿಸಿದಳು. ದೀಪಾವಳಿಯಲ್ಲಿ ಉಳಿದ ಪಟಾಕಿ ಎಲ್ಲಿಂದಲೋ ಬಂತು. ನಾನು ಆರಿಸಿದ ಅಕ್ಕಿಯನ್ನು ಅಲ್ಲೇ ಬಿಟ್ಟು ಶ್ಯಾವಿಗೆ ಪಾಯಸಕ್ಕೆ ಹಾಲಿಟ್ಟೆ. ಬಾಪ ಏನು ಮಾಡಿದರು ಗೊತ್ತೇ? ತಮ್ಮ ಕುರ್ಚಿಯನ್ನು ಹೊರಗೆ ತಂದು ಕುಸುಮನನ್ನು ಅದರಲ್ಲಿ ಕೂರಿಸಿದರು. ಆ ಕುರ್ಚಿಯಲ್ಲಿ ನಾನೂ ಕೂತಿಲ್ಲ. ಕುಸುಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ಮೆಂಬರ್ ಆದ ಮೇಲೆ ಮೊದಲ ಕೆಲಸ ಶಾಲೆಯ ಹಿಂದಿನ ಹಳ್ಳ ದಾಟಲು ಕಾಲುಸಂಕ ಎಂದಳು. ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ಪಾಯಸ ಕೊಟ್ಟೆವು.

ಎರಡು ಗಂಟೆಗೆ ಮೂಡಬಿದ್ರೆ ಕಡೆಯಿಂದ ಜೀಪೊಂದು ಬಂತು, ಬಾವುಟ ಕಟ್ಟಿಕೊಂಡು, ಪಟಾಕಿ ಹೊಡೆಯುತ್ತಾ. ಬಾವುಟ ಎದುರಾಳಿಯ ಪಕ್ಷದ್ದು. ನಮ್ಮ ಜಗಲಿಯ ಎದುರು ನಿಲ್ಲಿಸಿ, ಕೂತವಳನ್ನೂ ಅವಳ ತಲೆಯ ಮಲ್ಲಿಗೆಯನ್ನೂ ನೋಡಿದರು. ಒಬ್ಬ ಇಳಿದು ಹೇಳಿದ, ಗೆದ್ದದ್ದು ಅವರ ಕಡೆಯವಳು, ನಲ್ವತ್ತೊಂದು ವೋಟಿಗೆ, ಕೊನೆಯ ಸುತ್ತಿನಲ್ಲಿ. ಅವನು ಹೀಯಾಳಿಸಲಿಲ್ಲ, ಅದನ್ನೂ ಬರೆಯಬೇಕು. ನಕ್ಕವರು ಜೀಪಿನ ಹಿಂದೆ ನಿಂತವರು. ಕುಸುಮ ಎದ್ದಳು. ಮಲ್ಲಿಗೆಯನ್ನು ತೆಗೆದು ಕುರ್ಚಿಯ ಕೈಯ ಮೇಲೆ ಇಟ್ಟಳು. ಬಾಪನ ಮುಖವನ್ನು ಒಮ್ಮೆ ನೋಡಿದಳು, ಏನೋ ಹೇಳುತ್ತಾರೆ ಎಂದು ಕಾದ ಹಾಗೆ. ಅವರು ಹಣೆಯ ಮೇಲಿನ ಕನ್ನಡಕ ತೆಗೆದು ತಿಕ್ಕತೊಡಗಿದರು. ಅವಳು ಜೀಪಿನ ಪಕ್ಕದಲ್ಲೇ ನಡೆದು ಮನೆಗೆ ಹೋದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎಂದು ಊರು ನಗುವುದು ನಾಲ್ಕು ದಿನ, ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ಅವಳಿಗೆ ಹೆಸರಿಟ್ಟಿದ್ದಾರೆ, 'ಮೂಜಿ ಗಂಟೆದ ಮೆಂಬರ್' ಎಂದು. ಮೂರು ಗಂಟೆಯ ಮೆಂಬರ್, ಹನ್ನೊಂದರಿಂದ ಎರಡರ ತನಕ. ಬಸ್ಸಿನಲ್ಲಿ ಕಂಡಕ್ಟರನೂ ಹಾಗೆಯೇ ಕರೆದನಂತೆ. ಕುಸುಮ ಈಗ ನಮ್ಮ ಬ್ರಾಂಚಿಗೆ ಬರುವುದಿಲ್ಲ. ಬುಟ್ಟಿ ಹೊತ್ತುಕೊಂಡು ಎರಡು ಮೈಲಿ ಆಚೆಯ ಇನ್ನೊಂದು ಬ್ರಾಂಚಿಗೆ ನಡೆಯುತ್ತಾಳೆ. ಇಪ್ಪತ್ತು ವರ್ಷ ಬಂದವಳು. ಬಾಪ ಬೇಕೆಂದೇ ಸುಳ್ಳು ಹೇಳಿ ಅವಳನ್ನು ನಗೆಪಾಟಲು ಮಾಡಿದರು, ಆ ಕಡೆಯವರ ಜೊತೆ ಸೇರಿದ್ದರು ಎಂದು ಆಡಿಕೊಳ್ಳುವವರೂ ಹುಟ್ಟಿದ್ದಾರೆ. ಬಾಪನ ಬಗ್ಗೆ! ಆ ಮಾತು ಕೇಳಿದ ದಿನ ನಾನು ಒಲೆಯ ಮುಂದೆ ಕೂತು ಅತ್ತೆ.

ಆ ವಾರದ ಶುಕ್ರವಾರ ನೀನು ಫೋನು ಮಾಡಿದಾಗ 'ಕುಸುಮಕ್ಕ ಕೊನೆಗೆ ಸೋತರಲ್ಲ ಬಾಪಾ, ಪಾಪ' ಎಂದೆಯಂತೆ. 'ಹೌದು, ಸೋತಳು' ಎಂದಷ್ಟೇ ಹೇಳಿ ಫೋನನ್ನು ಸಬೀಹಾಳ ಕೈಗೆ ಕೊಟ್ಟರು. ಅಂದು ರಾತ್ರಿ ಊಟದ ಹೊತ್ತಿಗೆ ನನ್ನಿಂದ ಮಾತು ತೆಗೆದುಕೊಂಡರು: 'ಸೈನಬಾ, ನಿಝಾರ್‌ನ ಫೋನಿನ ಸುದ್ದಿ ಹೊರಗೆ ಹೋಗ್ಬಾರ್ದು. ಗಲ್ಫಿನ ಹುಡುಗನ ಕಂಪ್ಯೂಟರ್ ಸುಳ್ಳು ಹೇಳಿತು ಅಂತ ಊರೆಲ್ಲ ಅವನನ್ನು ಆಡ್ತದೆ. ಇಲ್ಲಿ ಆದದ್ದನ್ನು ಅವನಿಗೂ ಹೇಳ್ಬೇಡ. ಅಲ್ಲಿ ಒಬ್ಬನೇ ಇರುವವ, ಮನಸ್ಸಿಗೆ ಹಚ್ಚಿಕೊಂಡಾನು.' ನಾನು ಆಗಲಿ ಎಂದೆ. ನಲ್ವತ್ತು ವರ್ಷದ ಸಂಸಾರದಲ್ಲಿ ಅವರು ನನ್ನಿಂದ ತೆಗೆದುಕೊಂಡ ಮಾತುಗಳು ಕಡಿಮೆ, ಇವತ್ತಿನವರೆಗೆ ಮುರಿದದ್ದು ಇಲ್ಲವೇ ಇಲ್ಲ.

ಆದರೆ ಅವರು ಓದುವುದನ್ನು ನಿಲ್ಲಿಸಿದ್ದಾರೆ ನಿಝಾರ್. ಪೇಪರ್ ಬರುತ್ತದೆ, ಮಡಚಿದ ಹಾಗೆಯೇ ಕಿಟಕಿಯಲ್ಲಿ ಇರುತ್ತದೆ. ಹೆಂಗಸರು ಬುಟ್ಟಿ ಇಟ್ಟುಕೊಂಡು ಕಾಯುತ್ತಾರೆ, ಅವರು ತಲೆ ತಗ್ಗಿಸಿ ಬೀಡಿಯ ಕಟ್ಟು ಎಣಿಸುತ್ತಾರೆ. ನಾನು ಓದಲೇ ಎಂದೆ, ಬೇಡ ಎಂದರು. ಯಾಕೆ ಎಂದು ನನಗೆ ಗೊತ್ತು. ಅವರಿಗೊಂದು ಕ್ರಮ ಇದೆ. ಪೇಪರಿನವರು ತಪ್ಪು ಮಾಡಿದರೆ ಮರುದಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ತಿದ್ದುಪಡಿ ಹಾಕುತ್ತಾರಲ್ಲ, ಅದನ್ನು ಅವರು ಎಲ್ಲಕ್ಕಿಂತ ಮೊದಲು ಓದುತ್ತಾರೆ. ತಾವು ತಪ್ಪಿದರೂ ಹಾಗೆಯೇ. 'ನಿನ್ನೆ ನಾನು ಬಂಟ್ವಾಳ ಎಂದು ಓದಿದ್ದು ಬೆಳ್ತಂಗಡಿ ಆಗಬೇಕಿತ್ತು, ಕನ್ನಡಕ ತಿಕ್ಕದೆ ಓದಿದ್ದು ಕಾರಣ' ಎಂದು ನಿಂತು ಹೇಳಿ ಆಮೇಲೆ ಕೂತುಕೊಳ್ಳುತ್ತಿದ್ದರು. ತಪ್ಪು ಹೇಳಿದರೆ ಸಾಲದು, ಕಾರಣವನ್ನೂ ಹೇಳಬೇಕು ಎನ್ನುವುದು ಅವರ ಹಟ. ಈಗ ಕಾರಣ ಹೇಳಿದರೆ ನಿನ್ನ ಹೆಸರು ಬರುತ್ತದೆ. ಹೇಳದೆ ಮುಂದಿನ ಸುದ್ದಿ ಓದಲು ಅವರಿಗೆ ನಾಲಗೆ ಏಳುವುದಿಲ್ಲ.

ಹೋದ ಸೋಮವಾರ ಬಾಪ ಎಲೆ, ತಂಬಾಕಿನ ವಿಚಾರಕ್ಕೆ ಬಿ.ಸಿ.ರೋಡಿಗೆ ಹೋಗಿದ್ದಾಗ ನಾನು ಸಬೀಹಾಳಿಗೆ ಹೇಳಿದೆ, ನನಗೆ ಆ ಇಂಟರ್ನೆಟ್ಟನ್ನು ತೋರಿಸು. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು. ಮೂಡಬಿದ್ರೆಯ ಬಸ್ ನಿಲ್ದಾಣದ ಎದುರು ನವಾಝ್‌ನ ಸೈಬರ್ ಉಂಟಲ್ಲ, ಅಲ್ಲಿಗೆ ಹೋದೆವು. ಬುರ್ಖಾ ಹಾಕಿದ ಮುದುಕಿಯನ್ನು ನೋಡಿ ನವಾಝ್ ಎದ್ದು ಕುರ್ಚಿ ಕೊಟ್ಟ. 'ಮಗನ ಮುಖ ನೋಡ್ಲಿಕ್ಕಾ ಉಮ್ಮಾ? ಅಥವಾ ವೀಸಾದ ಕಾಗದವಾ?' ಎಂದ. ನಮ್ಮ ಪ್ರಾಯದವರು ಅಲ್ಲಿಗೆ ಬರುವುದು ಇವೆರಡಕ್ಕೇ ಅಂತೆ. 'ಅಲ್ಲ, ಎಲೆಕ್ಷನ್ ನೋಡ್ಲಿಕ್ಕೆ' ಎಂದೆ. ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಕ್ಕಪಕ್ಕದಲ್ಲಿ ಕಾಲೇಜಿನ ಮಕ್ಕಳು ಕೂತಿದ್ದರು. ಒಬ್ಬಳು ಸರ್ಕಾರ ಬೀಳುತ್ತದೆಯೋ ಉಳಿಯುತ್ತದೆಯೋ ಎಂಬ ಸುದ್ದಿಯನ್ನು ಮೂರು ಸಾಲು ಓದಿದಳು, ಮುಚ್ಚಿದಳು, ಸಿನೆಮಾದ ಚಿತ್ರ ನೋಡಿದಳು, ಮತ್ತೆ ಅದೇ ಸುದ್ದಿಗೆ ಬಂದಳು. ಬಾಪ ಒಂದು ಸಾಲನ್ನು ಎರಡು ಸಲ ಓದುವ ಹೊತ್ತಿಗೆ ಇವರು ಇಪ್ಪತ್ತು ಬಾಗಿಲು ತೆರೆದು ಮುಚ್ಚುತ್ತಾರೆ.

ಆ ಮಂಗಳವಾರದ ಹಾಳೆ ತೋರಿಸು ಎಂದೆ ಸಬೀಹಾಳಿಗೆ. ನೀನು ಸುದ್ದಿ ಓದುವ, ನಮ್ಮ ಊರಿನವರು ನಡೆಸುವ ಆ ಸೈಟನ್ನು ಹುಡುಕಿ ತೆರೆದಳು. ನಮ್ಮ ಸೀಟಿನ ಮುಂದೆ ಗೆದ್ದವಳ ಹೆಸರು, ನಲ್ವತ್ತೊಂದು ವೋಟಿನ ಲೆಕ್ಕ ಇತ್ತು. ಇದು ಸಂಜೆಯದ್ದು, ಹನ್ನೊಂದು ಗಂಟೆಯದ್ದು ತೋರಿಸು ಎಂದೆ. ಅದು ಈಗ ಇಲ್ಲ ಮಾಮಿ ಎಂದಳು. ಇಲ್ಲ ಅಂದರೆ? ಅದರ ಮೇಲೆಯೇ ಇದನ್ನು ಬರೆದಿದ್ದಾರೆ ಎಂದಳು. ಒಂದು ಗುಂಡಿ ಒತ್ತಿ ತೋರಿಸಿದಳು, ಕಣ್ಣೆದುರೇ ಇನ್ನೊಂದು ಸುದ್ದಿಯ ತಲೆಬರಹ ಬದಲಾಯಿತು. ಆಗ ನನಗೆ ಅರ್ಥವಾಯಿತು ಮಗನೇ. ನೀನು ಸುಳ್ಳು ಹೇಳಲಿಲ್ಲ. ಹನ್ನೊಂದಕ್ಕೆ ಅಲ್ಲಿ ಕುಸುಮನ ಹೆಸರು ಮುಂದೆ ಇತ್ತು. ನಿನ್ನ ಪ್ರಾಯದವರಿಗೆ ಅದು ಹರಿಯುವ ನೀರು, ಈಗ ಇಷ್ಟು, ಮತ್ತೆ ನೋಡುವ ಎಂದು ನೀವು ಅರ್ಧ ಮನಸ್ಸಿನಲ್ಲೇ ಓದುತ್ತೀರಿ. ಬಾಪನ ಪ್ರಾಯದವರಿಗೆ ಬರೆದದ್ದು ಎಂದರೆ ಎಲ್ಲ ಮುಗಿದ ಮೇಲೆ ಬರೆದದ್ದು. ಅವರು 'ಬರೆದಿದ್ದಾರಾ' ಎಂದು ಕೇಳಿದರು, ನೀನು 'ಬರೆದಿದ್ದಾರೆ' ಎಂದೆ, ಇಬ್ಬರೂ ನಿಜವನ್ನೇ ಹೇಳಿದಿರಿ. ಬಿದ್ದವಳು ಕುಸುಮ.

ಮನೆಗೆ ಬಂದು ಬಾಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸೈಬರಿಗೆ ಹೋದದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. 'ಬರೆದದ್ದನ್ನು ಅಳಿಸಿದರೆ, ತಪ್ಪಾಯಿತು ಅಂತ ಹೇಳುವವರು ಯಾರು?' ಎಂದು ಕೇಳಿದರು. ನಾನು ಅದನ್ನೇ ಸಬೀಹಾಳನ್ನು ಕೇಳಿದೆ, ಅವಳು ನಿನ್ನನ್ನು ಕೇಳಲು ಹೇಳಿದಳು. ನೀನು ಓದಿದವ, ನಿನಗೆ ಗೊತ್ತಿರಬಹುದು.

ಮೊನ್ನೆ ಸಂತೆಯ ದಿನ ಬಸ್ಸಿನಲ್ಲಿ ಕುಸುಮ ಸಿಕ್ಕಿದಳು. ಪಕ್ಕದಲ್ಲೇ ಜಾಗ ಇತ್ತು, ಕೂತೆ. ಅವಳು ಅಮಲ್ ಹೇಗಿದ್ದಾಳೆ ಎಂದು ಕೇಳಿದಳು, ನಿನ್ನನ್ನೂ ಕೇಳಿದಳು, 'ನಮ್ಮ ನಿಝಾರ್' ಎಂದೇ. ಇಳಿಯುವ ಮೊದಲು ನನ್ನ ಕೈ ಹಿಡಿದುಕೊಂಡು ಹೇಳಿದಳು: 'ಸೋತದ್ದಕ್ಕೆ ಬೇಸರ ಇಲ್ಲ ಸೈನಬಕ್ಕ. ಊರು ನಗ್ತದೆ, ನಗ್ಲಿ. ಬ್ಯಾರಿಗಳು ಹಾಳೆ ಇಲ್ಲದೆ ಮಾತಾಡಿದವರಲ್ಲ. ಅವತ್ತು ಯಾಕೆ ಹಾಗೆ ಹೇಳಿದರು ಅಂತ ಒಂದು ಗೊತ್ತಾದರೆ ಸಾಕು. ಗೊತ್ತಾಗದೆ ಆ ಜಗಲಿ ಹತ್ತುದು ಹೇಗೆ?' ನನ್ನ ನಾಲಗೆಯ ತುದಿಗೆ ನಿನ್ನ ಹೆಸರು ಬಂದಿತ್ತು. ಗಂಡನಿಗೆ ಕೊಟ್ಟ ಮಾತು ನೆನಪಾಗಿ ನುಂಗಿಕೊಂಡೆ. ಅವಳು ನನ್ನ ಕೈ ಬಿಟ್ಟು ಇಳಿದಳು. ಅಕ್ಷರ ತಿದ್ದಿಸಿದ ಕೈ ಅದು. ಇನ್ನೇನು ಬರೆಯಲಿ ಮಗನೇ.

ನಿನ್ನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ, ಬಾಪನಿಗೂ ಇಲ್ಲ. ಅವರಿಗೆ ಸಂತೋಷದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿಸಬೇಕೆಂದು ಕೆಲಸದ ಹೊತ್ತಿನಲ್ಲಿ ಫೋನು ಮಾಡಿದೆಯಲ್ಲ, ಅಷ್ಟು ಪ್ರೀತಿ ಯಾವ ಮಗನಿಗಿದೆ? ಇದನ್ನು ಓದಿ ಊಟ ಬಿಡಬೇಡ. ಬನಿಯನ್ ಹಾಕಿಕೋ. ನಮಾಝ್ ತಪ್ಪಿಸಬೇಡ. ಹಲ್ವವನ್ನು ರೂಮಿನವರಿಗೂ ಕೊಡು, ಒಬ್ಬನೇ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಸಬೀಹಾ ಸಲಾಂ ಹೇಳಿದ್ದಾಳೆ, ಉಳಿದದ್ದನ್ನು ಅವಳ ಕಾಗದದಲ್ಲೇ ಬರೆದಿದ್ದಾಳೆ, ನಾನು ಓದಿಲ್ಲ. ಅಮಲ್‌ಳ ಮುತ್ತುಗಳು. ಅಲ್ಲಾಹು ನಿನ್ನನ್ನು ಕಾಪಾಡಲಿ, ಹೋದ ದಾರಿಯಲ್ಲೇ ಸುಖವಾಗಿ ಮರಳಿ ತರಲಿ.

ನಿನ್ನ ಉಮ್ಮ,
ಸೈನಬ

ವಿ.ಸೂ.: ಗೇಟಿನ ಹತ್ತಿರ ನಿಝಾಮುದ್ದೀನ್‌ನ ರಿಕ್ಷಾ ಬಂದು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯ ಸಾಲದ್ದನ್ನು ಈಗ ಅವಸರದಲ್ಲಿ ಬರೆಯುತ್ತೇನೆ. ಕುಸುಮನಿಗೆ ಒಂದು ಕಾಗದ ಬರೆ. ಕಂಪ್ಯೂಟರಿನಲ್ಲಿ ಬೇಡ, ಕೈಯಿಂದ, ಶಾಯಿಯಲ್ಲಿ. ಹನ್ನೊಂದು ಗಂಟೆಗೆ ನೀನು ಎಂತ ನೋಡಿದೆ, ಬಾಪನಿಗೆ ಎಂತ ಹೇಳಿದೆ, ಅದು ಆಮೇಲೆ ಹೇಗೆ ಬದಲಾಯಿತು, ಬದಲಾದದ್ದನ್ನು ಫೋನು ಮಾಡಿ ಹೇಳದೆ ಉಳಿದದ್ದು ಯಾಕೆ, ಎಲ್ಲವನ್ನೂ ಬರೆದು ಕೆಳಗೆ ನಿನ್ನ ಹೆಸರು ಹಾಕು. ಊರು ನಿನ್ನನ್ನು ನಾಲ್ಕು ದಿನ ಆಡಿಕೊಳ್ಳಲಿ, ನೀನು ಚಿಕ್ಕವ, ತಡೆದುಕೊಳ್ಳುತ್ತೀ. ಬಾಪನಿಂದ ಆಗುವುದಿಲ್ಲ. ನಿಮ್ಮ ಜುಬೈಲಿನಿಂದಲೇ ಇಬ್ರಾಹಿಂ ಖಲೀಲ್ ಫೆಬ್ರವರಿ ಮೊದಲ ವಾರ ರಜೆಗೆ ಬರುತ್ತಾನಂತೆ, ಅವನ ಕೈಯಲ್ಲೇ ಕೊಡು, ಅಂಚೆಗೆ ಹಾಕಬೇಡ. ಕುಸುಮನಿಗೆ ಓದಲು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ಒಮ್ಮೆ ಓದಿಯೇ ಓದುತ್ತಾಳೆ. ಆದರೂ ಮರುದಿನ ಒಂಬತ್ತು ಗಂಟೆಗೆ ಅದನ್ನು ಹಿಡಿದುಕೊಂಡು ನಮ್ಮ ಜಗಲಿ ಹತ್ತಿ, ಎಲ್ಲರ ಮುಂದೆ ಬಾಪನ ಕೈಗೆ ಕೊಟ್ಟು, 'ಓದಿ ಬ್ಯಾರಿಗಳೇ' ಎನ್ನುತ್ತಾಳೆ. ಅವಳನ್ನು ನಾನು ಬಲ್ಲೆ.